ಹಾಸು ಹಾಕಲು ಒಂದು ಓಣಿ

ಬನಹಟ್ಟಿ, ಹೊರಡುವ ಮೊದಲು

ಪರದೇಶಕ್ಕೆ ಹೋಗುವವರು ಏನನ್ನಾದರೂ ನೋಡಲು ಹೋಗುತ್ತಾರೆ. ನಾನು ಹೋದದ್ದು ಅಣ್ಣನನ್ನು ಕಾಯಲು.

ನೆದರ್‌ಲೆಂಡ್ಸ್ ದೇಶದಲ್ಲಿ, ಜರ್ಮನಿಯ ಗಡಿಗೆ ಆತುಕೊಂಡಂತೆ ಎನ್ಸ್‌ಖೆಡೆ ಎಂಬ ಊರಿದೆ. ಆ ಹೆಸರನ್ನು ಅಲ್ಲಿಯವರ ಹಾಗೆ ಹೇಳಬೇಕೆಂದರೆ ಒಣಗಿ ಗಟ್ಟಿಯಾದ ಕಟಿರೊಟ್ಟಿಯ ಚೂರೊಂದು ಗಂಟಲಲ್ಲಿ ಸಿಕ್ಕಿಕೊಂಡಿರಬೇಕು. ಒಂದು ಕಾಲಕ್ಕೆ ನಮ್ಮೂರಿನ ಹಾಗೆ ಬಟ್ಟೆಯನ್ನೇ ನಂಬಿ ಬದುಕಿದ್ದ ಊರು. ಈಗ ಗಿರಣಿಗಳೆಲ್ಲ ಮುಚ್ಚಿವೆ. ಹಾಗೆ ಮುಚ್ಚಿದ ಒಂದು ಗಿರಣಿಯಲ್ಲಿ ದೇಶದೇಶದ ನೇಕಾರರನ್ನು ಕರೆಸಿ, ಕೈಮಗ್ಗದ ನೇಯ್ಗೆಯನ್ನು ಜನರಿಗೆ ತೋರಿಸುವವರಿದ್ದರು. ಸೀರೆ ಕೊಳ್ಳಲು ಬರುವ ವ್ಯಾಪಾರಿಯೊಬ್ಬರ ಮೂಲಕ ನಮ್ಮಣ್ಣ ಗುರಪ್ಪನಿಗೆ ಕರೆ ಬಂತು. ಅಣ್ಣನಿಗೆ ಇಂಗ್ಲಿಷ್ ಬಾರದು. ನಾನು ಜಮಖಂಡಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಹೀಗಾಗಿ ಅವನ ಟಿಕೀಟಿಗೆ ನಾನೂ ಗಂಟುಬಿದ್ದೆ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಅನುಮಾನಕ್ಕೆ, ತೇರದಾಳದ ಮದುವೆಯೊಂದರಿಂದ ಅಕ್ಕಿಕಾಳು ಬೀಳುವ ಮೊದಲೇ ಎದ್ದು ಮನೆಗೆ ಓಡಿಬಂದವನು ನಾನು. ಬಂದು ನೋಡಿದರೆ ಸಿಲಿಂಡರ್ ಖಾಲಿಯಾಗಿ ಮೂಲೆಯಲ್ಲಿ ನಿಂತಿತ್ತು. ಅಂಥವನ ಕೈಗೆ ಕಾಲು ಮುರಿದ ಅಣ್ಣನನ್ನು ಕೊಟ್ಟು ಸಮುದ್ರ ದಾಟಿಸಿದರು.

ಅಣ್ಣನ ಕಾಲು ಮುರಿದದ್ದು ನಮ್ಮ ಓಣಿಯಲ್ಲೇ. ಸೀರೆಯ ಉದ್ದದ ಎಳೆಗಳಿಗೆ ನಾವು ಹಾಸು ಎನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮೊದಲು ಆ ಹಾಸನ್ನು ಬಯಲಲ್ಲಿ ಉದ್ದಕ್ಕೆ ಬಿಗಿದು, ಗಂಜಿ ಸವರಿ, ಕುಂಚದಿಂದ ತಿಕ್ಕಿ, ಎಳೆಗೆ ಎಳೆ ಅಂಟದ ಹಾಗೆ ಒಣಗಿಸಬೇಕು. ಅದಕ್ಕೆ ಬೆಳಗಿನ ಎಳೆಬಿಸಿಲು ಬೇಕು, ನೇರವಾದ ಉದ್ದ ಜಾಗ ಬೇಕು. ಅಂಥ ಜಾಗವೆಂದರೆ ಓಣಿ. ನಾವು ಸಣ್ಣವರಿದ್ದಾಗ ಯಾರಾದರೂ ಹಾಸು ಹಾಕಿದರೆ ಅದು ಒಣಗುವವರೆಗೆ ಓಣಿ ಅವರದು. ಚಕ್ಕಡಿಯವರು ಎತ್ತು ನಿಲ್ಲಿಸಿ ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದರು. ಸೈಕಲ್ಲಿನವರು ಇಳಿದು, ಗೋಡೆಗೆ ಮೈ ತಾಗಿಸಿಕೊಂಡು ಹೋಗುತ್ತಿದ್ದರು. ಯಾರೂ ಹಲಗೆ ಬರೆದು ಹಾಕಿರಲಿಲ್ಲ, ಪೊಲೀಸರು ನಿಂತಿರಲಿಲ್ಲ.

ಆಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ನಮ್ಮ ಓಣಿಯನ್ನು ಕಂಡುಹಿಡಿದವು. ದೊಡ್ಡ ರಸ್ತೆಯಲ್ಲಿ ಸಾಲು ಹತ್ತಿ ನಿಲ್ಲುವುದಕ್ಕಿಂತ ಇಲ್ಲಿ ನುಗ್ಗಿದರೆ ಫ್ಯಾಕ್ಟರಿಯ ದಾರಿ ಹತ್ತಿರ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಎದೆ ನಡುಗುವ ಹಾಗೆ ಹಾಡು ಹಚ್ಚಿಕೊಂಡು ಬರುತ್ತವೆ. ಹೋದ ಹಂಗಾಮಿನಲ್ಲಿ ಒಂದು ದಿನ ತಿರುವಿನಲ್ಲಿ ಹಿಂದಿನ ಟ್ರೇಲರ್ ಹೊಯ್ದಾಡಿ, ಹಾಸಿನ ತುದಿ ಹಿಡಿದು ನಿಂತಿದ್ದ ಅಣ್ಣನನ್ನು ಗೋಡೆಗೆ ಒತ್ತಿತು. ಎದುರುಮನೆಯ ಬಸಪ್ಪ ತನ್ನ ಟೆಂಪೋದಲ್ಲಿ ಹಾಕಿಕೊಂಡು ಮುಧೋಳದ ಎಲುಬಿನ ಡಾಕ್ಟರ ಹತ್ತಿರ ಒಯ್ದ. ಕಾಲಿಗೆ ರಾಡು ಬಿತ್ತು. ಅಲ್ಲಿಂದ ಮುಂದೆ ಓಣಿಯಲ್ಲಿ ಹಾಸು ಬೀಳಲಿಲ್ಲ.

ಓಣಿಯಲ್ಲಿ ಉಳಿದವರದೆಲ್ಲ ಕರೆಂಟಿನ ಮಗ್ಗ. ಅವರಿಗೆ ಹಾಸು ಗಂಜಿಯಾಗಿ, ಸುತ್ತಿಕೊಂಡು, ಟೆಂಪೋದಲ್ಲಿ ಬರುತ್ತದೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೈಯಿಂದ ನೇಯುವ ಕುಣಿಮಗ್ಗ ಉಳಿದಿರುವುದು ಅಣ್ಣನದೊಂದೇ. ಕಾಲು ಮಾಯ್ದ ಮೇಲೆ ಅವನು ನೂಲನ್ನು ಚೀಲದಲ್ಲಿ ತುಂಬಿಕೊಂಡು ತನ್ನ ಹೆಂಡತಿಯ, ಅಂದರೆ ನಮ್ಮ ವೈನಿಯ, ತವರು ಗಲಗಲಿಗೆ ಹೋಗಿ, ಹೊಳೆದಂಡೆಯ ಹೊಲದಲ್ಲಿ ಹಾಸು ಹಾಕಿ ತಂದ. ಕುಂಟುತ್ತ, ಬಸ್ಸಿನಲ್ಲಿ. ಎರಡನೆಯ ಸಲ ಹೋಗಿಬಂದು ಹೇಳಿದ: "ಇದು ನನ್ನ ಕೈಲೆ ಆಗಂಗಿಲ್ಲ. ಓಣಿ ಸಿಕ್ರ ನೇಯ್ತೀನಿ. ಇಲ್ಲಂದ್ರ ಮಗ್ಗ ಎತ್ತಿಬಿಡ್ತೀನಿ."

ಅಷ್ಟರಲ್ಲಿ ಓಣಿಯನ್ನು ಅಗಲ ಮಾಡಿ ಕಾಂಕ್ರೀಟ್ ಹಾಕುವ ಸುದ್ದಿ ಬಂತು. ನಾವು ಪರದೇಶದಿಂದ ಬಂದ ಮೇಲೆ, ಕಬ್ಬಿನ ಹಂಗಾಮು ಶುರುವಾಗುವ ಮೊದಲು, ಓಣಿಯವರ ಸಭೆ.

"ಅಲ್ಲಿ ರಸ್ತಾ ಹೆಂಗ ಮಾಡ್ಯಾರ ಛಲೋತ್ನಂಗ ನೋಡ್ಕೊಂಡ ಬರ್ರಿ ಮಾಸ್ತರ್ರ," ಎಂದರು ವೈನಿ, ಚಕ್ಕುಲಿಯ ಡಬ್ಬಿ ಕಟ್ಟುತ್ತ. "ನಿಮ್ಮಣ್ಣಗ ನಾಕ ಮಂದ್ಯಾಗ ಮಾತಾಡಾಕ ಬರಂಗಿಲ್ಲ. ಸಭಾದಾಗ ನೀವ ಹೇಳಬೇಕು."

ನಾಲ್ಕು ಮಂದಿಯಲ್ಲಿ ಮಾತಾಡಲು ನನಗೂ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನು ಮಾತಾಡುವುದು ಮಕ್ಕಳ ಮುಂದೆ. ಅವರು ಕೇಳುವುದಿಲ್ಲವಾದ್ದರಿಂದ ಧೈರ್ಯ ಇರುತ್ತದೆ.

ಎನ್ಸ್‌ಖೆಡೆ, ನಿಲ್ದಾಣದ ಹೊರಗೆ

ವಿಮಾನ ಬೀಳಲಿಲ್ಲ. ಬೀಳಲೆಂದೇ ನಾನು ರಾತ್ರಿಯಿಡೀ ಎಚ್ಚರವಿದ್ದು ಕಾದದ್ದು ವ್ಯರ್ಥವಾಯಿತು. ಅಣ್ಣ ಗೊರಕೆ ಹೊಡೆದ.

ರೈಲಿಳಿದು ಹೊರಗೆ ಬಂದಾಗ ಜಿನುಗು ಮಳೆ. ನೆಲದ ಮೇಲೆ ಕೆಂಪು ಬಣ್ಣದ ಅಗಲವಾದ ಪಟ್ಟಿ ಕಂಡಿತು. ನೀಟಾಗಿದೆ, ಒಂದು ಕಾರೂ ಇಲ್ಲ. ಸುರಕ್ಷಿತ ಜಾಗವೆಂದು ನಾನು ಅಣ್ಣನನ್ನೂ ಎರಡು ಸೂಟ್‌ಕೇಸುಗಳನ್ನೂ ಅದರ ನಡುವೆ ನಿಲ್ಲಿಸಿದೆ. ಹಿಂದಿನಿಂದ ಗಂಟೆ ಕೇಳಿತು. ತಿರುಗಿ ನೋಡಿದರೆ ನಮ್ಮವ್ವನ ವಯಸ್ಸಿನ ಹೆಂಗಸು, ರೇನ್‌ಕೋಟ್ ಹಾಕಿಕೊಂಡು, ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಕೋಸುಗಡ್ಡೆ ಇಟ್ಟುಕೊಂಡು, ಬಾಣದ ಹಾಗೆ ಬರುತ್ತಿದ್ದಾಳೆ. ನಾನು ಎಡಕ್ಕೆ ಹಾರಿದೆ, ಸೂಟ್‌ಕೇಸು ಬಲಕ್ಕೆ ಬಿತ್ತು. ಅಜ್ಜಿ ನಡುವಿನಿಂದ ತೂರಿ, ಹೋಗುತ್ತಲೇ ನನಗೊಂದು ಮಾತು ಹೇಳಿ ಹೋದಳು. ಭಾಷೆ ತಿಳಿಯಲಿಲ್ಲ, ಅರ್ಥ ತಿಳಿಯಿತು. ಆ ಕೆಂಪು ಪಟ್ಟಿ ಸೈಕಲ್ಲಿನ ಹಾದಿ.

ರಸ್ತೆ ದಾಟುವಲ್ಲಿ ಬಿಳಿ ಪಟ್ಟೆಗಳಿದ್ದವು. ನಾವು ಅಂಚಿನಲ್ಲಿ ನಿಂತ ಕೂಡಲೇ ಬರುತ್ತಿದ್ದ ಕಾರು ನಿಂತಿತು. ನಾನು ನಂಬಲಿಲ್ಲ. ನೀವು ಹೋಗಿರಿ ಎಂದು ಕೈ ಮಾಡಿದೆ. ಡ್ರೈವರ್ ನೀವು ಹೋಗಿರಿ ಎಂದು ಕೈ ಮಾಡಿದ. ನಾನು ಮತ್ತೆ ಮಾಡಿದೆ. ಮದುವೆಯ ಊಟದಲ್ಲಿ ಮೊದಲ ಪಂಕ್ತಿಗೆ ಯಾರು ಕೂಡಬೇಕೆಂದು ಬೀಗರಿಬ್ಬರು ಉಪಚಾರ ಮಾಡಿದ ಹಾಗಾಯಿತು.

"ಅಂವ ನಿಂತಾನಲ್ಲೋ, ನಡಿ," ಎಂದ ಅಣ್ಣ.

"ನಿಂತಾನ ಖರೆ. ನಡುವ ಹೋದಾಗ ಬಿಟ್ರ?"

"ಬಿಡವ ಆಗಿದ್ರ ನಿಲ್ಲತಿದ್ದಿಲ್ಲಲೇ."

ಅಣ್ಣ ಕುಂಟುತ್ತ ನಡೆದುಬಿಟ್ಟ. ಕಾಲು ಮುರಿದ ಮೇಲೆ ಅವನು ಯಾರ ಕೈಯನ್ನೂ ಹಿಡಿಯದೆ ರಸ್ತೆ ದಾಟಿದ್ದನ್ನು ನಾನು ಆವತ್ತೇ ನೋಡಿದ್ದು. ಸಂತೋಷವಾಗಬೇಕಿತ್ತು. ನನಗೆ ಮಾತ್ರ, ಇದು ರೂಢಿಯಾಗಿ ಊರಿಗೆ ಹೋದ ಮೇಲೂ ಹೀಗೇ ನಡೆದುಬಿಟ್ಟರೆ ಎಂಬ ಚಿಂತೆ ಹತ್ತಿತು.

ನಮಗೆ ಉಳಿಯಲು ಹನ್ನೆಕೆ ಎಂಬುವರ ಮನೆಯಲ್ಲಿ ವ್ಯವಸ್ಥೆಯಾಗಿತ್ತು. ಎತ್ತರದ ಹೆಂಗಸು, ಹೆಚ್ಚುಕಡಿಮೆ ನನ್ನ ವಯಸ್ಸು. ಆ ಊರಿನ ನಗರಪಾಲಿಕೆಯಲ್ಲಿ ಬೀದಿಗಳ ಯೋಜನೆ ಮಾಡುವುದು ಅವರ ಕೆಲಸ: ಎಲ್ಲಿ ಮಕ್ಕಳು ನಡೆಯಬೇಕು, ಎಲ್ಲಿ ಸೈಕಲ್ಲು ಹೋಗಬೇಕು, ಕಾರು ಎಲ್ಲಿ ಹೋಗಕೂಡದು. ಇಂಥದಕ್ಕೂ ಒಂದು ನೌಕರಿ ಇದೆಯೆಂದು ನಾನು ಹೇಳಿದಾಗ ಅಣ್ಣ ಬಹಳ ಹೊತ್ತು ಅವರ ಮುಖ ನೋಡಿದ. ಮಧ್ಯಾಹ್ನಕ್ಕೆ ಅವರು ತಣ್ಣಗಿನ ಬ್ರೆಡ್ಡು, ತಣ್ಣಗಿನ ಚೀಸು ಇಟ್ಟರು. ನಾವು ಚಕ್ಕುಲಿ ಇಟ್ಟೆವು. ಅವರು ಒಂದನ್ನು ಕಡಿದು, ಹಲ್ಲು ಮುಟ್ಟಿ ನೋಡಿಕೊಂಡು, ಉಳಿದದ್ದನ್ನು ತಟ್ಟೆಯ ಅಂಚಿಗೆ ಇಟ್ಟು, "ಇದು ಗಟ್ಟಿಯಾಗಿದೆ" ಎಂದರು. ಅಲ್ಲಿಯವರು ಮನಸ್ಸಿನಲ್ಲಿದ್ದದ್ದನ್ನು ಮುಖದ ಮೇಲೆಯೇ ಹೇಳುತ್ತಾರೆ. ನಮ್ಮಲ್ಲಾಗಿದ್ದರೆ ರುಚಿಯಾಗಿದೆ ಎಂದು ಹೇಳಿ ದನಕ್ಕೆ ಹಾಕುತ್ತಿದ್ದೆವು.

ಕೆಂಪು ಹಾದಿಯ ಮೇಲೆ

ಅಣ್ಣ ತಂದಿದ್ದ ನೂಲಿಗೆ ಗಂಜಿ ಆಗಿರಲಿಲ್ಲ. ಗಂಜಿಯನ್ನು ಜನರ ಎದುರಿಗೇ ಮಾಡಿ ತೋರಿಸಲಿ ಎಂದು ಗಿರಣಿಯವರು ಒಳಗೊಂದು ದೊಡ್ಡ ಹಾಲ್ ಬಿಟ್ಟುಕೊಟ್ಟಿದ್ದರು. ಅಣ್ಣ ಅದರೊಳಗೆ ಒಂದು ಸುತ್ತು ಹಾಕಿ, ಮೇಲೆ ನೋಡಿ, "ಗಾಳಿ ಇಲ್ಲ, ಬಿಸಲಿಲ್ಲ. ಎಳಿ ಮುಗ್ಗತಾವ," ಎಂದ. ನಾನು ಅದನ್ನು "ಬಹಳ ಚೆನ್ನಾಗಿದೆ" ಎಂದು ಇಂಗ್ಲಿಷಿಗೆ ತಂದೆ.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ಅಡುಗೆಮನೆಯಲ್ಲಿ ಹನ್ನೆಕೆಯವರ ಒಳ್ಳೆಯ ಪಾತ್ರೆಗೆ ಗಂಜಿ ಮೆತ್ತಿದೆ. ಬಾಗಿಲು ತೆರೆದಿದೆ. ಅಣ್ಣ ಯಾವುದೋ ಬಸ್ಸಿನಡಿ ಸಿಕ್ಕಾಯಿತು ಎಂದೇ ತೀರ್ಮಾನಿಸಿ, ವೈನಿಗೆ ಹೇಗೆ ಹೇಳುವುದೆಂದು ಮೆಟ್ಟಿಲಿಳಿಯುತ್ತಲೇ ವಾಕ್ಯ ಜೋಡಿಸುತ್ತ, ಲುಂಗಿ ಮತ್ತು ಕಿವಿಮುಚ್ಚುವ ಟೊಪ್ಪಿಗೆಯಲ್ಲಿ ಹೊರಗೆ ಓಡಿದೆ.

ಅಂದು ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಮನೆಯ ಮುಂದಿನ ಕೆಂಪು ಹಾದಿಯ ಮೇಲೆ, ಒಂದು ತುದಿ ಸೈಕಲ್ಲಿನ ಚಿತ್ರವಿದ್ದ ಕಂಬಕ್ಕೆ, ಇನ್ನೊಂದು ತುದಿ ಕಬ್ಬಿಣದ ಬೆಂಚಿಗೆ ಕಟ್ಟಿ, ಅಣ್ಣ ಹಾಸು ಬಿಗಿದಿದ್ದ. ಬಿಳಿ ಎಳೆಗಳು ನಡುಮಟ್ಟದಲ್ಲಿ ಹರಡಿ ಮಿರಮಿರ ಮಿಂಚುತ್ತಿದ್ದವು. ಅಣ್ಣ ಕುಂಚ ಹಿಡಿದು, ಕುಂಟುತ್ತ, ಆ ತುದಿಯಿಂದ ಈ ತುದಿಗೆ ತಿಕ್ಕುತ್ತಿದ್ದ. ಎರಡೂ ಕಡೆ ಸೈಕಲ್ಲುಗಳು ನಿಂತಿದ್ದವು. ಶಾಲೆಯ ಮಕ್ಕಳು, ಆಫೀಸಿನವರು, ಮುಂದೆ ಪೆಟ್ಟಿಗೆಯಂಥದರಲ್ಲಿ ಕೂಸನ್ನು ಕೂಡಿಸಿಕೊಂಡ ತಾಯಿ.

"ಅಣ್ಣಾ! ಏನ್ ಮಾಡಾಕತ್ತಿ?"

"ಕಾಣಸಂಗಿಲ್ಲೇನು? ಆ ತುದಿ ಜಗ್ಗಿ ಹಿಡಿ."

"ಇದು ಸೈಕಲ್ ಹಾದಿ!"

ಅಣ್ಣ ಕುಂಚ ನಿಲ್ಲಿಸಿದ. ಕಂಬದ ಮೇಲಿನ ಚಿತ್ರವನ್ನು ನೋಡಿದ, ನಿಂತವರನ್ನು ನೋಡಿದ. "ಗಾಡಿ ಇಲ್ಲ, ಧೂಳಿಲ್ಲ, ಹಿಡದ ಗೆರಿ ಹೊಡದಂಗ ನೆಟ್ಟಗ ಐತಿ. ನೇಕಾರರ ಊರು ಅಂದಿ ನೀ. ಹಾಸ ಹಾಕಾಕ ಮಾಡ್ಯಾರ ಅಂತ ತಿಳದ್ನಿ. ಮತ್ತ ಕೆಂಪ ಬಣ್ಣ ಯಾಕ ಹಚ್ಯಾರ? ಬಿಳೆ ಎಳಿ ಹರದ್ರ ಕಾಣಲಿ ಅಂತನ ಅಲ್ಲೇನು?"

ನಾನು ಆ ತುದಿ ಜಗ್ಗಿ ಹಿಡಿದೆ. ಕೋಟು-ಟೈ ಹಾಕಿದ ಒಬ್ಬ ಮನುಷ್ಯ ಸೈಕಲ್ಲಿಳಿದು ನನ್ನ ಹತ್ತಿರ ಬಂದು, ಇದಕ್ಕೆ ಪರವಾನಗಿ ಇಲ್ಲ, ಹೀಗೆ ಮಾಡಕೂಡದು ಎಂದು ಇಂಗ್ಲಿಷಿನಲ್ಲಿ ಹೇಳಿದ.

"ಏನಂತಾನ?" ಎಂದ ಅಣ್ಣ.

"ಹಾಸು ಛಲೋ ಐತಿ ಅಂತಾನ."

"ಎಳಿ ಮುಟ್ಟಬ್ಯಾಡ ಅಂತ ಹೇಳು ಅಂವಗ. ಹಸಿ ಐತಿ."

ಹೇಳಿದೆ. ಆ ಮನುಷ್ಯ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಮತ್ತೊಮ್ಮೆ ಪರವಾನಗಿಯ ಮಾತು ಹೇಳಿ, ಸೈಕಲ್ಲನ್ನು ಎತ್ತಿ ಪಕ್ಕದ ಕಾಲುಹಾದಿಗೆ ಇಟ್ಟು, ತಳ್ಳಿಕೊಂಡು ಹೋದ. ಉಳಿದವರೂ ಹಾಗೇ ಹೋದರು. ಸಿಟ್ಟಿನ ಮುಖಗಳೇ, ಅನುಮಾನ ಬೇಡ. ಆದರೆ ಒಬ್ಬರೂ ಎಳೆಗೆ ಸೈಕಲ್ ತಾಗಿಸಲಿಲ್ಲ. ಒದ್ದೆ ತಲೆಯಲ್ಲೇ ಹೊರಗೆ ಬಂದ ಹನ್ನೆಕೆ ಎಲ್ಲವನ್ನೂ ಒಂದು ನಿಮಿಷ ನೋಡಿದರು. ಬೈಯುತ್ತಾರೆಂದು ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಗ್ಯಾರೇಜಿಗೆ ಹೋಗಿ ಕಿತ್ತಳೆ ಬಣ್ಣದ ಎರಡು ಕೋನುಗಳನ್ನು ತಂದು ಹಾಸಿನ ಎರಡೂ ಕಡೆ ಇಟ್ಟು, "ಎಷ್ಟು ಹೊತ್ತು?" ಎಂದರು.

"ಒಣಗೋಮಟ," ಎಂದ ಅಣ್ಣ.

ಒಣಗಲಿಲ್ಲ. ಮೋಡ ಬಂತು, ಜಿನುಗು ಹತ್ತಿತು. ಗಂಜಿ ಕರಗಿ ಎಳೆಗಳೆಲ್ಲ ಮುದ್ದೆಮುದ್ದೆಯಾದವು. ಅಣ್ಣನೂ ನಾನೂ ಒದ್ದೆ ಹಾಸನ್ನು ಸತ್ತವರನ್ನು ಎತ್ತಿದ ಹಾಗೆ ಎತ್ತಿ ಒಳಗೆ ತಂದೆವು. ಹಾದಿ ಸಿಕ್ಕಲ್ಲಿ ಬಿಸಿಲಿಲ್ಲ, ಬಿಸಿಲಿರುವಲ್ಲಿ ಹಾದಿ ಇಲ್ಲ. ಗಿರಣಿಯಲ್ಲಿ ಕೊನೆಗೆ ಅಣ್ಣ ಅವರೇ ಕೊಟ್ಟ ಯಾವುದೋ ಹಾಸಿನ ಮೇಲೆ ನೇಯ್ದು ತೋರಿಸಿದ. ಜನ ಚಪ್ಪಾಳೆ ತಟ್ಟಿದರು. ನೇಯ್ದಾದ ಮೇಲೆ ಅಣ್ಣ ಆ ಬಟ್ಟೆಯನ್ನು ಮುಟ್ಟಿಯೂ ನೋಡಲಿಲ್ಲ.

ತಿರುವಿನ ಬೆಂಚು

ಆ ಊರಿನಲ್ಲಿ ಅಣ್ಣ ನಕ್ಕದ್ದು ಒಂದೇ ಸಲ. ಹನ್ನೆಕೆ ತಮ್ಮ ಕಚೇರಿಯಿಂದ ಮೂರು ಗಾಲಿಯ ಸೈಕಲ್ ತಂದರು. ಕಾಲು ಸರಿಯಿಲ್ಲದವರಿಗೆಂದೇ ಅಲ್ಲಿ ಅಂಥವು ಇವೆ. ಅಣ್ಣ ಹತ್ತಿ ಕೂತ. ನಾನು ಸೀಟು ಹಿಡಿದು ಹಿಂದೆ ಓಡಿದೆ.

"ಬಿಡಲೇ!"

"ಬಿಡಂಗಿಲ್ಲ!"

"ಮೂರು ಗಾಲಿ ಅದಾವಲೇ ಹುಚ್ಚಾ, ಎತ್ತಾಗ ಬೀಳ್ಲಿ?" ಎಂದು ಅಣ್ಣ ನಕ್ಕ.

ಬಿಟ್ಟೆ. ವಿವೇಕದಿಂದಲ್ಲ, ಉಸಿರು ಹತ್ತಿದ್ದರಿಂದ. ಅಣ್ಣ ಕೆಂಪು ಹಾದಿಯ ಮೇಲೆ ದೂರ ಹೋದ, ಬಲಕ್ಕೆ ಕೈ ಚಾಚಿ ಅಲ್ಲಿಯವರ ಹಾಗೇ ತಿರುಗಿದ, ಮರೆಯಾದ. ಅವನು ಮರಳಿ ಬರುವವರೆಗೆ ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ.

ಸಂಜೆ ಹನ್ನೆಕೆ ನಮ್ಮನ್ನು ಪಕ್ಕದ ಬೀದಿಗೆ ಕರೆದುಕೊಂಡು ಹೋದರು. ಅಲ್ಲಿ ಅಡ್ಡದಾರಿ ಹಿಡಿದು ನುಗ್ಗುವ ಕಾರುಗಳನ್ನು ತಡೆಯಲು ಅವರ ಕಚೇರಿಯವರು ದೊಡ್ಡ ದೊಡ್ಡ ಹೂವಿನ ಪೆಟ್ಟಿಗೆಗಳನ್ನು ಬೀದಿಗೆ ಅಡ್ಡ ಇಟ್ಟಿದ್ದರು. ನಡೆಯುವವರು, ಸೈಕಲ್ಲಿನವರು ನಡುವಿನಿಂದ ಹೋಗಬಹುದು, ಕಾರು ಹೋಗದು. ಕೆಲವು ತಿಂಗಳು ನೋಡಿ, ಬೇಡವಾದರೆ ತೆಗೆಯುವುದು. ಬೀದಿಯವರ ಸಭೆ ಬೀದಿಯಲ್ಲೇ ನಡೆದಿತ್ತು. ಅಂಗಡಿಯವನೊಬ್ಬ ಗಿರಾಕಿ ಬರುತ್ತಿಲ್ಲವೆಂದು ಕೆಂಪಗಾಗಿ ಕೂಗುತ್ತಿದ್ದ. ಹನ್ನೆಕೆ ಅಷ್ಟನ್ನೂ ನಿಂತು ಕೇಳಿದರು.

"ಇಷ್ಟು ಬೈಸ್ಕೊಂಡು ಪಗಾರ ತಗೋತಾಳಾ ಈಕಿ?" ಎಂದ ಅಣ್ಣ, ಮರುಕದಿಂದ.

ನಾನು ಪೆಟ್ಟಿಗೆಗಳ ಫೋಟೋ ತೆಗೆದುಕೊಂಡೆ. ನಮ್ಮ ಓಣಿಯಲ್ಲಿ ಅವನ್ನು ಇಟ್ಟು ನೋಡಿದೆ, ಮನಸ್ಸಿನಲ್ಲೇ. ಮಧ್ಯಾಹ್ನದೊಳಗೆ ಆಡುಗಳು ಹೂವು ತಿಂದವು.

ಮರಳುವ ದಾರಿಯಲ್ಲಿ ಒಂದು ತಿರುವು. ಅಲ್ಲೊಂದು ಕಲ್ಲಿನ ಬೆಂಚು. ಹನ್ನೆಕೆ ಕೂತರು, ನಾವೂ ಕೂತೆವು. ಅವರ ತಮ್ಮ ಶಾಲೆಗೆ ಸೈಕಲ್ಲಿನಲ್ಲಿ ಹೋಗುವಾಗ ಲಾರಿಗೆ ಸಿಕ್ಕಿ ಸತ್ತದ್ದು ಈ ತಿರುವಿನಲ್ಲಿ. ಗಿರಣಿಯಿಂದ ಬಟ್ಟೆಯ ಗಂಟು ಹೊತ್ತು ಬರುತ್ತಿದ್ದ ಲಾರಿ. ಊರಿಗೆ ಊರೇ ಗಿರಣಿಯ ಅನ್ನ ತಿನ್ನುತ್ತಿತ್ತು. ಲಾರಿಗೆ ಯಾರೂ ಏನೂ ಅನ್ನುವಂತಿರಲಿಲ್ಲ. ಹನ್ನೆಕೆಯವರ ಅಪ್ಪನೂ ಅದೇ ಗಿರಣಿಯ ಕೆಲಸಗಾರ. ಅವರಮ್ಮ ಒಂದು ದಿನ ಅಡುಗೆಮನೆಯ ಕುರ್ಚಿಯನ್ನು ಎತ್ತಿಕೊಂಡು ಬಂದು, ರಸ್ತೆಯ ನಡುವೆ ಹಾಕಿ, ಕೂತುಬಿಟ್ಟರಂತೆ.

ಅಣ್ಣನಿಗೆ ಹೇಳಿದೆ. ಅಣ್ಣ ಕೇಳಿದ: "ಒಬ್ಬಾಕೆನ?"

"ಬಹಳ ದಿನ ಒಬ್ಬಳೇ," ಎಂದರು ಹನ್ನೆಕೆ. "ಅಪ್ಪ ನಾಚಿಕೆಯಿಂದ ಹಿಂದಿನ ಬಾಗಿಲಿನಿಂದ ಕೆಲಸಕ್ಕೆ ಹೋಗುತ್ತಿದ್ದ. ಆಮೇಲೆ ಒಂದು ದಿನ ಎದುರುಮನೆಯ ಹೆಂಗಸು ತನ್ನ ಕುರ್ಚಿ ತಂದು ಪಕ್ಕದಲ್ಲಿ ಹಾಕಿದಳು. ಅಲ್ಲಿಂದ ಮುಂದೆ ಅಷ್ಟು ಕಷ್ಟವಾಗಲಿಲ್ಲ."

"ಹಂಗಾರ ನಿಮ್ಮವ್ವ ಗೆದ್ಲು," ಎಂದ ಅಣ್ಣ. ನಾನು ಇಂಗ್ಲಿಷಿಗೆ ತಂದೆ.

ಹನ್ನೆಕೆ ಭುಜ ಹಾರಿಸಿದರು. "ಕೆಲ ವರ್ಷಗಳಲ್ಲಿ ಗಿರಣಿ ಮುಚ್ಚಿತು. ಲಾರಿ ನಿಂತದ್ದು ಅಮ್ಮನಿಂದಲೋ ಅದರಿಂದಲೋ ನನಗೆ ಗೊತ್ತಿಲ್ಲ. ಸೈಕಲ್ಲಿನ ಹಾದಿ ಬಂತು. ತಮ್ಮ ಇರಲಿಲ್ಲ."

ನಾನು ರಾತ್ರಿ ಹಾಸಿಗೆಯಲ್ಲಿ ಕೆಟ್ಟ ಲೆಕ್ಕ ಹಾಕಿದೆ. ಒಂದು ಹಾದಿಗೆ ಒಂದು ಮಗು. ಒಂದು ಕಾಲಿಗೆ ಏನು ಬಂದೀತು?

ಮತ್ತೆ ಓಣಿ

ಸಭೆ ಓಣಿಯ ಗುಡಿಯ ಕಟ್ಟೆಯ ಮೇಲೆ ಸೇರಿತು. ವಾರ್ಡಿನ ಮೆಂಬರ್ ಬಂದಿದ್ದರು. ನಾನು ಮೊಬೈಲಿನಲ್ಲಿ ಕೆಂಪು ಹಾದಿ, ಹೂವಿನ ಪೆಟ್ಟಿಗೆ ತೋರಿಸಿದೆ. ಫೋನು ಕೈಯಿಂದ ಕೈಗೆ ಹೋಯಿತು. ಯಾರೋ ಪಕ್ಕಕ್ಕೆ ಸರಿಸಿ, ಹನ್ನೆಕೆಯವರ ಅಡುಗೆಮನೆಯಲ್ಲಿ ನಾನು ಏಪ್ರನ್ ಕಟ್ಟಿಕೊಂಡು ಗಂಜಿಯ ಪಾತ್ರೆ ತಿಕ್ಕುತ್ತಿದ್ದ ಫೋಟೋ ಹುಡುಕಿ ತೆಗೆದರು. ಸಭೆ ಅಲ್ಲಿಗೆ ಅರ್ಧ ಮುಗಿಯಿತು.

ನಾನು ಕೇಳಿದ್ದು ಇಷ್ಟೇ. ರಸ್ತೆ ಆಗಲಿ. ಬೆಳಿಗ್ಗೆ ಬಿಸಿಲೇರುವವರೆಗೆ ಮಾತ್ರ ಟ್ರ್ಯಾಕ್ಟರ್ ಬೇಡ. ಅಷ್ಟು ಹೊತ್ತು ಮಕ್ಕಳು ನಡೆದು ಶಾಲೆಗೆ ಹೋಗಲಿ, ಹಾಸು ಬೀಳಲಿ.

"ಅಲ್ರಿ ಮಾಸ್ತರ್ರ," ಎಂದ ಎದುರುಮನೆಯ ಬಸಪ್ಪ, "ಅಲ್ಲಿ ಕಬ್ಬು ಬೆಳೀತಾರೇನ್ರಿ?"

"ಸಕ್ಕರಿ ಗಡ್ಡಿ ಬೆಳೀತಾರ."

"ಅದನ್ನ ತಲಿಮ್ಯಾಲ ಹೊತ್ತ ಒಯ್ತಾರೋ?"

"ಟ್ರ್ಯಾಕ್ಟರ್‌ನ್ಯಾಗ. ಆದ್ರ ಊರ ಹೊರಗಿಂದ ಹಾಯ್ದ ಹೋಗ್ತಾವ."

"ನಮ್ಮೂರಿಗೆ ಹೊರಗ ಎಲ್ಲೈತ್ರಿ? ಹೊರಗೆಲ್ಲಾ ಕಬ್ಬ ಐತಿ!"

ಜನ ನಕ್ಕರು. ನಾನೂ ನಕ್ಕೆ, ಅದೇ ನನ್ನ ದೌರ್ಬಲ್ಯ. ಬಸಪ್ಪ ಕೆಟ್ಟವನಲ್ಲ. ಅಣ್ಣನ ರಕ್ತ ಹತ್ತಿದ ಟೆಂಪೋವನ್ನು ತಾನೇ ತೊಳೆದುಕೊಂಡವನು. ಆದರೆ ರಸ್ತೆಯಾದರೆ ಅವನ ಮಗ್ಗದ ಶೆಡ್ಡಿಗೆ ದೊಡ್ಡ ಗಾಡಿ ಬರುತ್ತದೆ. ಅವನಿಗೆ ಓಣಿಯಿಂದ ಬೇಕಾದದ್ದು ಅದೊಂದೇ.

ಮೆಂಬರ್ ಸಮಾಧಾನದ ದನಿಯಲ್ಲಿ ಹೇಳಿದರು: "ಗುರಪ್ಪಣ್ಣನ ಕಾಲು ಮುರದದ್ದು ಖರೆ. ನನಗೂ ಕೆಟ್ಟ ಅನಸೈತಿ. ಆದ್ರ ದೇವರ ದಯಾ, ಯಾರದೂ ಜೀವಕ್ಕೇನೂ ಆಗಿಲ್ಲಲ್ರಿ. ಒಬ್ಬರ ಸಲುವಾಗಿ ಇಡೀ ಊರಿಂದು ನಿಲ್ಲಸಾಕ ಆಕ್ಕೈತೇನು?"

ಅಣ್ಣ ಕಟ್ಟೆಯ ತುದಿಗೆ ಕೂತಿದ್ದ. ಒಂದೇ ಮಾತು ಕೇಳಿದ: "ಕೆಲಸ ಯಾವಾಗ ಚಾಲು?"

"ಸೋಮವಾರ."

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೆ ಎದ್ದು ನೋಡಿದರೆ ಅಣ್ಣ ಕುಂಚ ಹಿಡಿದು ನಿಂತಿದ್ದಾನೆ, ಹಿಂದೆ ವೈನಿ ಗಂಜಿಯ ಪಾತ್ರೆ ಹಿಡಿದು. "ಒಂದ ಹಾಸ ಹಾಕಿಬಿಡ್ತೀನಿ," ಎಂದ. "ನೀ ಬಾ, ಸುಮ್ನ ನಿಂದರು."

ಸಭೆಯಾದ ಮರುದಿನವೇ ಹಂಗಾಮು ಶುರುವಾಗಿತ್ತು. ಬೇಡ ಎಂದು ಹೇಳಲು ನನ್ನ ಬಳಿ ನೂರು ಕಾರಣಗಳಿದ್ದವು, ಹೇಳುತ್ತಲೇ ಪ್ಯಾಂಟು ಹಾಕಿಕೊಂಡೆ. ಅವರಿಬ್ಬರು ಓಣಿಯಲ್ಲಿ ಹಾಸು ಬಿಗಿಯುವಾಗ ನಾನು ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಓಣಿಯ ಬಾಯಲ್ಲಿ, ದೊಡ್ಡ ರಸ್ತೆಯ ಕಡೆ ಮುಖ ಮಾಡಿ ಹಾಕಿಕೊಂಡು ಕೂತೆ. ತಲೆಗೆ ಹೆಲ್ಮೆಟ್ ಇತ್ತು. ಟ್ರ್ಯಾಕ್ಟರಿನ ಎದುರಿಗೆ ಹೆಲ್ಮೆಟ್ ಏನು ಮಾಡುತ್ತದೆ ಎಂದು ಕೇಳಬೇಡಿ.

ಬಂತು. ಮೊದಲು ಹಾಡು, ಆಮೇಲೆ ಟ್ರ್ಯಾಕ್ಟರು. ನನ್ನ ಮೊಣಕಾಲಿಗೆ ಶಾಖ ತಾಗುವಷ್ಟು ಹತ್ತಿರ ಬಂದು ನಿಂತಿತು. ಡ್ರೈವರ್ ತುಬಚಿಯ ಕಡೆಯವನಂತೆ, ಹಾಡು ನಿಲ್ಲಿಸಿ ಇಳಿದು ಓಡಿ ಬಂದ.

"ಯಾಕ್ರೀ ಯಜಮಾನ್ರ, ಎದಿ ನೋಯಾಕತ್ತೈತೇನ್ರಿ? ನೀರ ಕೊಡ್ಲಾ?"

"ಇಲ್ಲಪಾ. ನಮ್ಮಣ್ಣ ಹಾಸು ಹಾಕ್ಯಾನ. 'ಒಣಗೋಮಟ' ನಿಂದರಬೇಕು."

ಅವನು ನನ್ನ ಹಿಂದೆ ನೋಡಿದ. ಅಣ್ಣನ ಕಾಲು ನೋಡಿದ. "ಕಬ್ಬು ಒಣಗಿದ್ರ ತೂಕ ಹೋಗತೈತ್ರಿ," ಎಂದ, ಜಗಳಕ್ಕಲ್ಲ, ಇದ್ದದ್ದನ್ನು ಹೇಳುವವನ ಹಾಗೆ. ಅವನ ಹಿಂದೆ ಇನ್ನೊಂದು ಟ್ರ್ಯಾಕ್ಟರ್ ನಿಂತಿತು. ಮತ್ತೊಂದು. ಹಾರ್ನುಗಳು ಶುರುವಾದವು. ಓಣಿಯ ಬಾಗಿಲುಗಳು ತೆರೆದವು. ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡೆ. ನಾನು ಟ್ರ್ಯಾಕ್ಟರನ್ನು ನೋಡಲಿಲ್ಲ. ಬಾಗಿಲುಗಳನ್ನು ನೋಡುತ್ತಿದ್ದೆ.

ಎದುರುಮನೆಯ ಬಾಗಿಲಿನಿಂದ ಬಸಪ್ಪ ಹೊರಗೆ ಬಂದ. ಅವನ ಕೈಯಲ್ಲಿ ಕುರ್ಚಿ ಇತ್ತು.

ಆ ಕ್ಷಣದಲ್ಲಿ ನನಗೆ ಏನಾಯಿತೆಂದು ಹೇಳಲಾರೆ. ಜೀವಮಾನದಲ್ಲಿ ಮೊದಲ ಸಲ ನಾನು ಒಳ್ಳೆಯದಾಗುತ್ತದೆ ಎಂದುಕೊಂಡೆ. ಪಕ್ಕದಲ್ಲಿ ಜಾಗವಿರಲೆಂದು ನನ್ನ ಕುರ್ಚಿಯನ್ನು ಸ್ವಲ್ಪ ಸರಿಸಿಕೊಂಡೆ ಕೂಡ. ಬಸಪ್ಪ ಕುರ್ಚಿಯನ್ನು ತನ್ನ ಮನೆಯ ಗೋಡೆಗೆ ಒತ್ತಿ ಹಾಕಿ, ಅದರ ಮೇಲೆ ಹತ್ತಿ ನಿಂತು, ಕೈಯನ್ನು ಹಣೆಗೆ ಅಡ್ಡ ಹಿಡಿದು, ಟ್ರ್ಯಾಕ್ಟರಿನ ಸಾಲು ಎಲ್ಲಿಯವರೆಗೆ ಹೋಗಿದೆ ಎಂದು ನೋಡಿದ.

"ರಬಕವಿಮಟಾ ಹತ್ತೈತ್ರೋ," ಎಂದ. ಆಮೇಲೆ ನನ್ನ ಕಡೆ ತಿರುಗಿ, ಮೆತ್ತಗೆ: "ಏಳ್ರಿ ಮಾಸ್ತರ್ರ. ಮರ್ಯಾದಿ ಅಲ್ಲ ಇದು."

ನಾನು ಏಳಲಿಲ್ಲ. ಹೆಲ್ಮೆಟ್ಟಿನ ಪಟ್ಟಿಯನ್ನು ಇನ್ನೊಂದಿಷ್ಟು ಬಿಗಿದುಕೊಂಡೆ. ಎಷ್ಟೋ ಹೊತ್ತಿನ ಮೇಲೆ ಹೆಲ್ಮೆಟ್ಟಿನ ಮೇಲೆ ಯಾರೋ ಬೆರಳಿನಿಂದ ಬಡಿದರು.

"ಆತು," ಎಂದ ಅಣ್ಣ. ಒಣಗಿದ ಹಾಸು ಸುತ್ತಿಕೊಂಡು ಅವನ ತೋಳಿನಲ್ಲಿತ್ತು, ಗಂಜಿಯ ವಾಸನೆಯೊಂದಿಗೆ. "ಏಳಿನ್ನ. ಬಿಡು ಅವ್ರನ್ನ."

ಸೋಮವಾರ ಜೆಸಿಬಿ ಬಂತು. ಈಗ ಓಣಿ ಬೆಳ್ಳಗೆ, ಅಗಲವಾಗಿ, ಗೆರೆ ಹೊಡೆದ ಹಾಗೆ ನೆಟ್ಟಗಿದೆ. ಮಕ್ಕಳು ಗೋಡೆಗೆ ಮೈ ತಾಗಿಸಿಕೊಂಡು ಶಾಲೆಗೆ ಹೋಗುತ್ತಾರೆ. ಹನ್ನೆಕೆ ಮೊಬೈಲಿನಲ್ಲಿ ಓಣಿ ಏನಾಯಿತೆಂದು ಕೇಳಿದ್ದಾರೆ. ನಾನಿನ್ನೂ ಉತ್ತರ ಬರೆದಿಲ್ಲ.

ಆ ಹಾಸು ಮಗ್ಗದ ಮೇಲಿದೆ. ಒಂದು ಹಾಸಿನಲ್ಲಿ ಕೆಲವೇ ಸೀರೆ, ಅವು ಮುಗಿದರೆ ಮಗ್ಗ ಎತ್ತುವುದೇ. ಅಣ್ಣನ ಕೈ ಮೊದಲಿನಿಂದ ಚುರುಕು, ಇಷ್ಟೊತ್ತಿಗೆ ಮುಗಿದುಹೋಗಬೇಕಿತ್ತು. ದಿನವೂ ಸಂಜೆ ಜಮಖಂಡಿಯಿಂದ ಬಂದವನು ಅವನ ಬಾಗಿಲಲ್ಲಿ ನಿಂತು ಕೇಳುತ್ತೇನೆ. ಲಾಳಿ ಒಮ್ಮೆ ಹೋಗುತ್ತದೆ. ಬಹಳ ಹೊತ್ತು ಬಿಟ್ಟು ಮರಳಿ ಬರುತ್ತದೆ. ಟ್ರ್ಯಾಕ್ಟರ್ ಹಾಯುವಾಗ ನೆಲ ಅದುರಿ ಎಳೆಗಳು ಕುಣಿಯುತ್ತವೆ, ಆಗ ಅಣ್ಣ ಅವುಗಳ ಮೇಲೆ ಅಂಗೈ ಇಟ್ಟುಕೊಂಡು ಕೂತಿರುತ್ತಾನೆ.

"ಇನ್ನ ಎಷ್ಟ ಉಳದೈತಿ ಅಣ್ಣಾ?"

"ಐತಿ, ಐತಿ," ಎನ್ನುತ್ತಾನೆ, ತಲೆ ಎತ್ತದೆ. "ನೀ ಹೋಗಿ ಚಾ ಕುಡಿ."